ಎಪ್ಪತ್ತೈದರಲ್ಲಿ ಒಬ್ಬ: ವಕೀಲ ಜಯರತ್ನಂ ಬಗ್ಗೆ ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಜನಪ್ರತಿನಿಧಿಗಳ ಅನರ್ಹತೆಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಾಗ ಸಿಂಗಪುರದ ವಿರೋಧ ಪಕ್ಷದ ಸಂಸದ ಜೆ.ಬಿ. ಜಯರತ್ನಂ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ. ಡಾಲರ್ ಎಂದಿರುವಲ್ಲೆಲ್ಲ ಸಿಂಗಪುರ ಡಾಲರ್ ಎಂದು ಓದಿಕೊಳ್ಳಿ.

ಪ್ರಶ್ನೆ: ಈ ಜಯರತ್ನಂ ಯಾರು? ಹೆಸರು ತಮಿಳರದ್ದಿದ್ದಂತಿದೆ. ವಕೀಲಿಕೆ ಬಿಟ್ಟು ರಾಜಕೀಯಕ್ಕೆ ಬಂದರೋ, ಎರಡೂ ಜೊತೆಗೇ ನಡೆಯಿತೋ?
ಓದುಗರು, ದಾವಣಗೆರೆ

ತಮಿಳರೇ. ಜೋಶುವಾ ಬೆಂಜಮಿನ್ ಜಯರತ್ನಂ ಹುಟ್ಟಿದ್ದು 1926ರ ಜನವರಿ 5ರಂದು, ಜಾಫ್ನಾದ ಕ್ರೈಸ್ತ ಕುಟುಂಬದಲ್ಲಿ. ಬೆಳೆದದ್ದು ಮಲಯಾದ ಜೊಹೋರಿನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಾನೂನು ಓದಿ 1951ರಲ್ಲಿ ಗ್ರೇಸ್ ಇನ್ ಎಂಬ ವಕೀಲರ ಸಂಸ್ಥೆಯ ಮೂಲಕ ಬ್ಯಾರಿಸ್ಟರ್ ಆದರು. ಮರುವರ್ಷವೇ ಸಿಂಗಪುರದ ನ್ಯಾಯಾಂಗ ಸೇವೆಗೆ ಸೇರಿ ಮ್ಯಾಜಿಸ್ಟ್ರೇಟ್, ಸರ್ಕಾರಿ ಅಭಿಯೋಜಕ, ಜಿಲ್ಲಾ ನ್ಯಾಯಾಧೀಶ, ಸುಪ್ರೀಂ ಕೋರ್ಟ್ ರಿಜಿಸ್ಟ್ರಾರ್ ಎಂದು ಒಂದೊಂದೇ ಮೆಟ್ಟಿಲು ಹತ್ತಿದರು. 1963ರಲ್ಲಿ ರಾಜೀನಾಮೆ ಕೊಟ್ಟು ಸ್ವಂತ ವಕೀಲಿಕೆ ಶುರುಮಾಡಿದರು. ಅಂದರೆ ಮುಂದೆ ಯಾವ ಕೋರ್ಟುಗಳಲ್ಲಿ ಆರೋಪಿಯಾಗಿ ನಿಂತರೋ ಆ ಕೋರ್ಟುಗಳ ಒಳಹೊರಗು ಅವರಿಗೆ ಮೊದಲೇ ಗೊತ್ತಿತ್ತು.

1971ರಲ್ಲಿ ವರ್ಕರ್ಸ್ ಪಾರ್ಟಿಯ ಪ್ರಧಾನ ಕಾರ್ಯದರ್ಶಿಯಾದರು. 1957ರಲ್ಲಿ ಆ ಪಕ್ಷ ಕಟ್ಟಿದ ಡೇವಿಡ್ ಮಾರ್ಷಲ್ ಕೂಡ ಹೆಸರಾಂತ ಕ್ರಿಮಿನಲ್ ವಕೀಲರು. ಆದರೆ ಜಯರತ್ನಂ ಕೈಗೆ ಬರುವ ಹೊತ್ತಿಗೆ ಪಕ್ಷ ಹೆಸರಿಗಷ್ಟೇ ಉಳಿದಿತ್ತು. ವಕೀಲಿಕೆಯನ್ನು ಅವರು ಬಿಡಲಿಲ್ಲ, ಬಿಟ್ಟರೆ ನಡೆಯುತ್ತಲೂ ಇರಲಿಲ್ಲ. ಸರ್ಕಾರವೇ ದೊಡ್ಡ ಮಾಲೀಕ, ಮನೆ ಕಟ್ಟಿಕೊಡುವವನೂ ಸರ್ಕಾರವೇ ಆಗಿರುವ ಊರಿನಲ್ಲಿ ಯಾರ ಕೈಕೆಳಗೂ ಇಲ್ಲದೆ ಅನ್ನ ಸಂಪಾದಿಸುವ ಕೆಲಸಗಳು ಕಡಿಮೆ. ವಕೀಲಿಕೆ ಅಂಥ ಒಂದು ಕೆಲಸ. ವಕೀಲಿಕೆಯ ಪರವಾನಗಿಯಾದ ಸನ್ನದನ್ನೇ ಕಿತ್ತುಕೊಂಡರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಪ್ರಶ್ನೆ: ಇಲ್ಲಿನ ಹಳಬರು 1981ರ ಆನ್ಸನ್ ಚುನಾವಣೆಯನ್ನು ಈಗಲೂ ನೆನೆಯುತ್ತಾರೆ. ಐದು ಸಲ ಸೋತವರು ಅಲ್ಲಿ ಗೆದ್ದದ್ದು ಹೇಗೆ?
ಕನ್ನಡಿಗರೊಬ್ಬರು, ಸಿಂಗಪುರ

ಐದು ಸಲದ ಲೆಕ್ಕ ಸರಿಯಾಗಿದೆ: 1972, 1976, 1977ರ ಉಪಚುನಾವಣೆ, 1979ರ ಉಪಚುನಾವಣೆ, 1980. ಸೋಲುಗಳ ಒಳಗೂ ಏರಿಕೆ ಇತ್ತು ಎನ್ನುವುದನ್ನು ಗಮನಿಸಿ. ತೆಲೋಕ್ ಬ್ಲಾಂಗಾದಲ್ಲಿ 1979ರಲ್ಲಿ ಶೇ 40ರ ಒಳಗಿದ್ದವರು ಮರುವರ್ಷ ಅದೇ ಕ್ಷೇತ್ರದಲ್ಲಿ ಶೇ 47ರ ಹತ್ತಿರ ಬಂದರು.

ಆನ್ಸನ್ ಸಂಸದ ದೇವನ್ ನಾಯರ್ 1981ರ ಅಕ್ಟೋಬರಿನಲ್ಲಿ ರಾಷ್ಟ್ರಾಧ್ಯಕ್ಷರಾದರು, ಕ್ಷೇತ್ರ ತೆರವಾಯಿತು. ಆಳುವ ಪೀಪಲ್ಸ್ ಆಕ್ಷನ್ ಪಾರ್ಟಿ (ಪಿಎಪಿ) ಹೊಸಮುಖವೊಂದನ್ನು ಇಳಿಸಿತು. ಆನ್ಸನ್ ಬಂದರಿನ ಪಕ್ಕದ ಕ್ಷೇತ್ರ. ಕಂಟೇನರ್ ಅಂಗಳ ವಿಸ್ತರಿಸಲು ಬಂದರು ಪ್ರಾಧಿಕಾರ ತನ್ನ ಕಾರ್ಮಿಕರ ವಸತಿಗಳನ್ನು ಖಾಲಿ ಮಾಡಿಸುತ್ತಿತ್ತು. ಬದಲಿ ಮನೆ ಎಲ್ಲಿ ಎಂಬುದಕ್ಕೆ ಅಲ್ಲಿನ ಕುಟುಂಬಗಳಿಗೆ ಸಮಾಧಾನದ ಉತ್ತರ ಸಿಕ್ಕಿರಲಿಲ್ಲ. ಸಾಲದ್ದಕ್ಕೆ ಬಸ್ ದರವೂ ಏರಿತ್ತು. ಅಕ್ಟೋಬರ್ 31ರಂದು ಮತದಾನ. ಜಯರತ್ನಂಗೆ 7,012 ಮತ, ಪಿಎಪಿಗೆ 6,359, ಮೂರನೆಯ ಅಭ್ಯರ್ಥಿಗೆ 131. ಅಂತರ 653. ಮೂರನೆಯವರ ಠೇವಣಿ ಹೋಯಿತು. ಅಲ್ಲಿ ಠೇವಣಿ ಉಳಿಯಲು ಎಂಟನೆಯ ಒಂದು ಪಾಲು ಮತ ಬೇಕು, ನಮ್ಮಲ್ಲಿ ಆರನೆಯ ಒಂದು ಪಾಲು.

ಇದನ್ನು ಭಾಷಣದ ಗೆಲುವು ಎಂದು ಬರೆಯುವವರಿದ್ದಾರೆ. ನಮ್ಮ ಮಟ್ಟಿಗೆ ಇದು ಮನೆ ಕಳೆದುಕೊಳ್ಳುವವರ ಗೆಲುವು. ಆನ್ಸನ್‌ಗೆ ತಾಗಿದ ಕ್ಷೇತ್ರವೇ ತಾಂಜೊಂಗ್ ಪಗಾರ್, ಪ್ರಧಾನಿ ಲೀ ಕ್ವಾನ್ ಯೂ ಅವರದ್ದು. ಬೇಲಿಯಾಚೆ ಬೆಂಕಿ ಬಿದ್ದಂತಾಗಿತ್ತು.

ಪ್ರಶ್ನೆ: 75 ಮಂದಿಯ ಸದನದಲ್ಲಿ ಒಬ್ಬನೇ ವಿರೋಧಿ. ಮತಕ್ಕೆ ಹಾಕಿದರೆ ಸೋಲು ಖಚಿತ. ಹಾಗಿದ್ದರೆ ಆತ ಮಾಡುವ ಕೆಲಸವಾದರೂ ಏನು?
ಕಾನೂನು ವಿದ್ಯಾರ್ಥಿ, ಧಾರವಾಡ

ಪ್ರಶ್ನೆ ಕೇಳುವುದು. ವಕೀಲನಿಗೆ ಇದು ಪಾಟೀಸವಾಲಿನ ಇನ್ನೊಂದು ರೂಪ. ಮೊದಲೇ ಬರೆದುಕೊಟ್ಟ ಪ್ರಶ್ನೆಗೆ ಮಂತ್ರಿ ಉತ್ತರ ಓದಿ ಮುಗಿಸುತ್ತಾರೆ, ಅಲ್ಲಿಯವರೆಗೆ ಅದು ಅಧಿಕಾರಿಗಳು ಬರೆದುಕೊಟ್ಟ ಹಾಳೆ. ಆಮೇಲಿನ ಪೂರಕ ಪ್ರಶ್ನೆಗೆ ಹಾಳೆ ಇರುವುದಿಲ್ಲ. ಜಯರತ್ನಂ ಒತ್ತುತ್ತಿದ್ದದ್ದು ಅಲ್ಲೇ. ಉತ್ತರ ಹೊಸದಾಗಿ ಏನನ್ನೂ ಹೇಳದಿದ್ದರೂ ಸದನದ ನಡಾವಳಿಯಲ್ಲಿ ದಾಖಲಾಗುತ್ತದೆ, ಪತ್ರಿಕೆ ಅದನ್ನು ಅಚ್ಚುಮಾಡಬಹುದು. ಒಂಟಿ ಸದಸ್ಯನಿಗೆ ಆಗದ ಕೆಲಸಗಳೂ ಇವೆ. ಗೊತ್ತುವಳಿ ಮಂಡಿಸಿದರೆ ಅನುಮೋದಿಸಲು ಇನ್ನೊಬ್ಬರು ಬೇಕು, ಮತ್ತೊಬ್ಬ ವಿರೋಧಿ ಸದಸ್ಯ ಬಂದದ್ದು 1984ರ ಡಿಸೆಂಬರಿನಲ್ಲಿ. ಅವರು ಪೊತೊಂಗ್ ಪಾಸಿರ್‌ನ ಚಿಯಾಮ್ ಸೀ ತೊಂಗ್, ಅವರೂ ವಕೀಲರು! ಆ ಚುನಾವಣೆಯಲ್ಲಿ ಜಯರತ್ನಂ ಆನ್ಸನ್ನನ್ನು ಶೇ 56.8 ಮತದೊಂದಿಗೆ ಉಳಿಸಿಕೊಂಡರು.

ನಿಮ್ಮ ಓದಿಗೆ ಉಪಯೋಗವಾಗಲಿ ಎಂದು ನಮ್ಮ ಲೋಕಸಭೆಯ ಅಳತೆಗಳನ್ನೂ ಹೇಳುತ್ತೇವೆ. ದಿನಕ್ಕೆ ಚುಕ್ಕೆ ಗುರುತಿನ (ಸದನದಲ್ಲಿ ಬಾಯಿಮಾತಿನ ಉತ್ತರ ಸಿಗುವ) ಪ್ರಶ್ನೆ 20, ಚುಕ್ಕೆ ಇಲ್ಲದವು (ಲಿಖಿತ ಉತ್ತರದವು) 230. ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು. ಪೂರಕ ಪ್ರಶ್ನೆಗೆ ಅವಕಾಶ ಇರುವುದು ಚುಕ್ಕೆ ಗುರುತಿನವಕ್ಕೆ ಮಾತ್ರ, ಅಲ್ಲಿಯೂ ಚೀಟಿಯಲ್ಲಿ ಹೆಸರು ಬರಬೇಕು. ಅವಿಶ್ವಾಸ ಗೊತ್ತುವಳಿಗೆ 50 ಸದಸ್ಯರು ಎದ್ದು ನಿಲ್ಲಬೇಕು. ಖಾಸಗಿ ಸದಸ್ಯರ ಮಸೂದೆಗೆ ಶುಕ್ರವಾರದ ಎರಡೂವರೆ ಗಂಟೆ ಮೀಸಲು. ಹಾಗೆ ಬಂದು ಕಾಯ್ದೆಯಾದ ಕೊನೆಯ ಮಸೂದೆ 1970ರದ್ದು. ಅಲ್ಲಿಂದೀಚೆಗೆ ಒಂದೂ ಇಲ್ಲ.

ಪ್ರಶ್ನೆ: ಜೈಲು ಶಿಕ್ಷೆ ಒಂದೇ ತಿಂಗಳು ಎಂದು ಬರೆದಿದ್ದಿರಿ. ಒಂದು ತಿಂಗಳಿಗೆ ಸಂಸತ್ ಸ್ಥಾನ ಹೋಗುತ್ತದೆಯೇ? ನಮ್ಮಲ್ಲಿ ಎರಡು ವರ್ಷ ಆಗಬೇಕಲ್ಲ?
ಓದುಗರು, ಕೋಲಾರ

ಸ್ಥಾನ ಕಳೆದದ್ದು ದಂಡ. ಜೈಲಿಗೂ ಅದಕ್ಕೂ ಸಂಬಂಧವಿಲ್ಲ. ಸಿಂಗಪುರ ಸಂವಿಧಾನದ 45ನೇ ವಿಧಿಯ ಪ್ರಕಾರ ಕನಿಷ್ಠ ಒಂದು ವರ್ಷ ಜೈಲು ಅಥವಾ ಕನಿಷ್ಠ 2,000 ಡಾಲರ್ ದಂಡ ಬಿದ್ದರೆ ಐದು ವರ್ಷ ಅನರ್ಹತೆ. ಆ ‘ಅಥವಾ’ವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ವರ್ಕರ್ಸ್ ಪಾರ್ಟಿ ಹಿಂದೆ ಹೂಡಿ ಸೋತ ಮಾನನಷ್ಟ ಮೊಕದ್ದಮೆಯೊಂದರ ಕೋರ್ಟು ಖರ್ಚನ್ನು ಎದುರುಪಕ್ಷಕ್ಕೆ ಕೊಡುವುದು ಬಾಕಿ ಇತ್ತು. ವಸೂಲಿಗೆ ಕೋರ್ಟು ರಿಸೀವರನ್ನು, ಅಂದರೆ ಪಕ್ಷದ ಹಣ ವಶಕ್ಕೆ ಪಡೆಯುವ ಅಧಿಕಾರಿಯನ್ನು, ನೇಮಿಸಿತು. ಈ ನಡುವೆ ದಾನಿಗಳು ಕೊಟ್ಟ ಮೂರು ಚೆಕ್‌ಗಳನ್ನು, ಎಲ್ಲ ಕೂಡಿದರೂ ಮೂರು ಸಾವಿರ ಡಾಲರ್ ದಾಟದ ಚೆಕ್‌ಗಳನ್ನು, ಬಾಕಿ ಬರಬೇಕಾದವರಿಗೆ ಸಿಗದಂತೆ ಬೇರೆಡೆ ತಿರುಗಿಸಿದರು ಎಂಬುದು ಒಂದು ಬಗೆಯ ಆರೋಪ. ಪಕ್ಷದ ಲೆಕ್ಕಪತ್ರ ಸರಿಯಿದೆ ಎಂದು ಸುಳ್ಳು ಘೋಷಣೆ ಮಾಡಿದರು ಎಂಬುದು ಇನ್ನೊಂದು. ಆರೋಪಿಗಳು ಜಯರತ್ನಂ ಮತ್ತು ಪಕ್ಷದ ಅಧ್ಯಕ್ಷ ವೊಂಗ್ ಹಾಂಗ್ ತೊಯ್.

1984ರ ಜನವರಿಯಲ್ಲಿ ಜಿಲ್ಲಾ ಕೋರ್ಟು ಒಂದನ್ನುಳಿದು ಮಿಕ್ಕೆಲ್ಲ ಆರೋಪಗಳಿಂದ ಬಿಡುಗಡೆ ಮಾಡಿತು. ಉಳಿದ ಒಂದಕ್ಕೆ 1,000 ಡಾಲರ್ ದಂಡ. 2,000ಕ್ಕಿಂತ ಕಡಿಮೆಯಾದ್ದರಿಂದ ಸ್ಥಾನ ಉಳಿಯಿತು, ಆ ವರ್ಷದ ಚುನಾವಣೆಗೂ ನಿಂತರು. ಸರ್ಕಾರ ಮೇಲ್ಮನವಿ ಹೋಯಿತು. ಹೈಕೋರ್ಟು ಬಿಡುಗಡೆಯನ್ನು ತಳ್ಳಿಹಾಕಿ, ಸುಳ್ಳು ಘೋಷಣೆಯ ಆರೋಪದ ಮೇಲೆ ಮರುವಿಚಾರಣೆಗೆ ಆದೇಶಿಸಿತು. ಮರುವಿಚಾರಣೆಯಲ್ಲಿ ಮೂರು ತಿಂಗಳು ಜೈಲು. ಅದರ ಮೇಲಿನ ಮನವಿಯಲ್ಲಿ, 1986ರ ನವೆಂಬರಿನಲ್ಲಿ, ಹೈಕೋರ್ಟು ಜೈಲನ್ನು ಒಂದು ತಿಂಗಳಿಗೆ ಇಳಿಸಿ 5,000 ಡಾಲರ್ ದಂಡ ಹಾಕಿತು. ಓದಲು ಶಿಕ್ಷೆ ಇಳಿದಂತೆ ಕಾಣುತ್ತದೆ. ಆದರೆ ಮೂರು ತಿಂಗಳ ಜೈಲೊಂದೇ ಇದ್ದಿದ್ದರೆ ಸ್ಥಾನ ಹೋಗುತ್ತಿರಲಿಲ್ಲ, 5,000 ಡಾಲರಿಗೆ ಹೋಯಿತು.

ಮಧ್ಯೆ ಇನ್ನೊಂದು ಸಂಗತಿ. ಮೊದಲ ತೀರ್ಪು ಕೊಟ್ಟ ನ್ಯಾಯಾಧೀಶರಿಗೆ ಅಟಾರ್ನಿ ಜನರಲ್ ಕಚೇರಿಗೆ ವರ್ಗವಾಯಿತು. ಜಯರತ್ನಂ ಇದನ್ನು ಸದನದಲ್ಲಿ ಎತ್ತಿದರು. 1986ರ ವಿಚಾರಣಾ ಆಯೋಗ, ನ್ಯಾಯಾಂಗದಲ್ಲಿ ಸರ್ಕಾರದ ಹಸ್ತಕ್ಷೇಪ ನಡೆದಿಲ್ಲ ಎಂದಿತು.

ನೀವು ಕೋಲಾರದವರಾದ್ದರಿಂದ ನಮ್ಮ ಎರಡು ವರ್ಷದ ಲೆಕ್ಕ ನಿಮಗೆ ಹತ್ತಿರದ್ದೇ. 2019ರ ಏಪ್ರಿಲಿನಲ್ಲಿ ನಿಮ್ಮೂರಲ್ಲಿ ಮಾಡಿದ ಚುನಾವಣಾ ಭಾಷಣಕ್ಕೆ ಸೂರತ್ ಕೋರ್ಟು 2023ರ ಮಾರ್ಚ್ 23ರಂದು ರಾಹುಲ್ ಗಾಂಧಿಯವರಿಗೆ ಸರಿಯಾಗಿ ಎರಡು ವರ್ಷ ಶಿಕ್ಷೆ ವಿಧಿಸಿತು. ಮಾನನಷ್ಟಕ್ಕೆ ಇದ್ದ ಗರಿಷ್ಠ ಶಿಕ್ಷೆಯೇ ಅದು, ಅನರ್ಹತೆಗೆ ಬೇಕಾದ ಕನಿಷ್ಠ ಶಿಕ್ಷೆಯೂ ಅದೇ. ಒಂದು ದಿನ ಕಡಿಮೆಯಾಗಿದ್ದರೂ ಸ್ಥಾನ ಉಳಿಯುತ್ತಿತ್ತು. ಮರುದಿನವೇ ಸದಸ್ಯತ್ವ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟು ದೋಷನಿರ್ಣಯಕ್ಕೆ ತಡೆ ಕೊಟ್ಟಿತು, ಆಗಸ್ಟ್ 7ರಂದು ಸದಸ್ಯತ್ವ ಮರಳಿತು. ಅನರ್ಹತೆ ತಪ್ಪಬೇಕಾದರೆ ಶಿಕ್ಷೆಯ ಜಾರಿಗೆ ತಡೆ ಸಿಕ್ಕಿದರೆ ಸಾಲದು, ದೋಷನಿರ್ಣಯಕ್ಕೇ ತಡೆ ಬೇಕು. ಕಕ್ಷಿದಾರರಿಗೆ ಈ ವ್ಯತ್ಯಾಸ ಹೇಳದ ವಕೀಲರೂ ಇದ್ದಾರೆ.

ಸಿಂಗಪುರ ತನ್ನ ದಂಡದ ಮಿತಿಯನ್ನು 2022ರಲ್ಲಿ 10,000 ಡಾಲರಿಗೆ ಏರಿಸಿದೆ. 2025ರ ಫೆಬ್ರುವರಿಯಲ್ಲಿ ವರ್ಕರ್ಸ್ ಪಾರ್ಟಿಯ ಆಗಿನ ಮುಖ್ಯಸ್ಥ ಪ್ರೀತಂ ಸಿಂಗ್ ಅವರಿಗೆ ಎರಡು ಆರೋಪಗಳಿಗೆ ತಲಾ 7,000 ಡಾಲರ್ ದಂಡ ಬಿದ್ದರೂ ಸಂಸದ ಸ್ಥಾನ ಹೋಗಲಿಲ್ಲ. ಲೆಕ್ಕಕ್ಕೆ ಬರುವುದು ಒಂದೊಂದು ಆರೋಪದ ದಂಡ, ಒಟ್ಟು ಮೊತ್ತವಲ್ಲ.

ಪ್ರಶ್ನೆ: ಲಂಡನ್ನಿನ ಪ್ರಿವಿ ಕೌನ್ಸಿಲ್ ಅವರನ್ನು ನಿರ್ದೋಷಿ ಎಂದಿತಂತೆ. ಹಾಗಾದರೆ ಸ್ಥಾನ ಯಾಕೆ ವಾಪಸು ಬರಲಿಲ್ಲ?
ವಕೀಲರು, ಶಿವಮೊಗ್ಗ

ಯಾವ ಬಾಗಿಲಿನಿಂದ ಒಳಹೋದರು ಎಂಬುದರಲ್ಲಿದೆ ಉತ್ತರ. ಜಿಲ್ಲಾ ಕೋರ್ಟಿನಲ್ಲಿ ಶುರುವಾದ ಕ್ರಿಮಿನಲ್ ಪ್ರಕರಣದ ಮೇಲ್ಮನವಿ ಹೈಕೋರ್ಟಿಗೇ ಮುಗಿಯುತ್ತಿತ್ತು. ಹೈಕೋರ್ಟಿನಲ್ಲೇ ವಿಚಾರಣೆ ನಡೆದಿದ್ದರೆ ಸಿಂಗಪುರದ ಆಗಿನ ಅಂತಿಮ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್‌ವರೆಗೆ ದಾರಿ ಇರುತ್ತಿತ್ತು. ಇದನ್ನು ಬಲ್ಲ ಜಯರತ್ನಂ ಮರುವಿಚಾರಣೆಯನ್ನು ಹೈಕೋರ್ಟಿಗೆ ವರ್ಗಾಯಿಸಿ ಎಂದು ಕೇಳಿದ್ದರು, ಸಿಗಲಿಲ್ಲ.

ದಾರಿ ತೆರೆದದ್ದು ಎದುರು ಕಡೆಯವರೇ. ದೋಷಿಯೆಂದ ಮೇಲೆ ವಕೀಲನಾಗಿ ಮುಂದುವರಿಯುವುದು ಹೇಗೆ ಎಂಬ ಶಿಸ್ತು ಕ್ರಮ ನಡೆದು 1987ರಲ್ಲಿ ಅವರ ಸನ್ನದು ರದ್ದಾಯಿತು. ಆದರೆ ಸನ್ನದು ರದ್ದತಿಯ ಮೇಲ್ಮನವಿ ಆಗ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತಿತ್ತು. ಸನ್ನದಿನ ನೆಪದಲ್ಲಿ ಇಡೀ ಪ್ರಕರಣದ ಕಡತ ಲಂಡನ್ ತಲುಪಿತು. 1988ರ ಅಕ್ಟೋಬರಿನ ತೀರ್ಪು ಸನ್ನದನ್ನು ಮರಳಿ ಕೊಟ್ಟಿತು. ಅಷ್ಟಕ್ಕೇ ನಿಲ್ಲದೆ, ಸಾಲುಸಾಲು ತಪ್ಪು ನಿರ್ಣಯಗಳಿಂದ ಇಬ್ಬರಿಗೂ ಘೋರ ಅನ್ಯಾಯವಾಗಿದೆ, ಮಾಡದ ಅಪರಾಧಕ್ಕೆ ದಂಡ ತೆತ್ತು ಜೈಲು ಸೇರಿ ಅವಮಾನ ಅನುಭವಿಸಿದ್ದಾರೆ ಎಂದೂ ದಾಖಲಿಸಿತು.

ಆದರೆ ದೋಷನಿರ್ಣಯ ಆ ಪೀಠದ ಮುಂದೆ ಇರಲಿಲ್ಲ, ಹಾಗಾಗಿ ರದ್ದುಮಾಡುವ ಅಧಿಕಾರವೂ ಇರಲಿಲ್ಲ. ರಾಷ್ಟ್ರಾಧ್ಯಕ್ಷರಿಗೆ ಮನವಿ ಕೊಟ್ಟರು. ಅವರು ಸಂಪುಟದ ಸಲಹೆಯಂತೆ ನಡೆಯುವವರು, ಮನವಿ ತಿರಸ್ಕೃತವಾಯಿತು. ವಕೀಲನಾಗಿ ನಿರ್ದೋಷಿ, ಅಭ್ಯರ್ಥಿಯಾಗಿ ಅಪರಾಧಿ! ಐದು ವರ್ಷ ಮುಗಿದದ್ದು 1991ರ ನವೆಂಬರಿನಲ್ಲಿ, ಚುನಾವಣೆ ನಡೆದದ್ದು ಅದೇ ವರ್ಷದ ಆಗಸ್ಟ್ 31ಕ್ಕೆ. 1988ರದ್ದೂ ತಪ್ಪಿಹೋಗಿತ್ತು. ಪ್ರಿವಿ ಕೌನ್ಸಿಲ್‌ಗೆ ಹೋಗುವ ಹಾದಿಯನ್ನು ಸಿಂಗಪುರ 1989ರಲ್ಲಿ ಕಿರಿದುಮಾಡಿ 1994ರಲ್ಲಿ ಪೂರ್ತಿ ಮುಚ್ಚಿತು.

ಪ್ರಶ್ನೆ: ಕಾನೂನು ಬಲ್ಲವರೇ ಮಾನನಷ್ಟ ಮೊಕದ್ದಮೆಗಳಲ್ಲಿ ಪದೇಪದೇ ಸೋತದ್ದು ಯಾಕೆ?
ಓದುಗರು, ಉಡುಪಿ

ಸದನದ ಒಳಗಿನ ಮಾತಿಗೆ ರಕ್ಷಣೆ ಇದೆ, ಮೈದಾನದ ಮಾತಿಗೆ ಇಲ್ಲ. ಅಲ್ಲೂ ಹಾಗೇ, ನಮ್ಮ ಸಂವಿಧಾನದ 105ನೇ ವಿಧಿಯಲ್ಲೂ ಹಾಗೇ. ಜಯರತ್ನಂ ಸಿಕ್ಕಿಬಿದ್ದದ್ದೆಲ್ಲ ಚುನಾವಣಾ ವೇದಿಕೆಯ ಮೇಲೆ ಮತ್ತು ಅಚ್ಚಿನಲ್ಲಿ. 1976ರ ಭಾಷಣಕ್ಕಾಗಿ ಲೀ ಕ್ವಾನ್ ಯೂ ಹೂಡಿದ ಮೊಕದ್ದಮೆಯಲ್ಲಿ 1,30,000 ಡಾಲರ್ ಪರಿಹಾರ, ಮೇಲೆ ಖರ್ಚು. ಖರ್ಚನ್ನು ಓದುಗರು ಮರೆಯುತ್ತಾರೆ. ಇಂಗ್ಲಿಷ್ ಪದ್ಧತಿಯಲ್ಲಿ ಸೋತವರು ಗೆದ್ದವರ ವಕೀಲರ ಶುಲ್ಕವನ್ನೂ ತುಂಬಿಕೊಡಬೇಕು.

1997ರ ಪ್ರಕರಣ ಇನ್ನೂ ವಿಚಿತ್ರ. ಮತದಾನದ ಹಿಂದಿನ ರಾತ್ರಿಯ ಸಭೆಯಲ್ಲಿ ಅವರು ಹೇಳಿದ್ದು ಇಷ್ಟೇ: ಸಹ ಅಭ್ಯರ್ಥಿ ತಾಂಗ್ ಲಿಯಾಂಗ್ ಹಾಂಗ್ ಅವರು ಪ್ರಧಾನಿ ಗೋ ಚೋಕ್ ತೊಂಗ್ ಮತ್ತು ಅವರ ಕಡೆಯವರ ವಿರುದ್ಧ ಪೊಲೀಸರಿಗೆ ಕೊಟ್ಟ ಎರಡು ದೂರುಗಳನ್ನು ಈಗ ತಮ್ಮ ಮುಂದಿಟ್ಟಿದ್ದಾರೆ. ದೂರಿನಲ್ಲಿ ಏನಿದೆ ಎಂದು ಹೇಳಲಿಲ್ಲ. ಹೇಳದೇ ಇದ್ದದ್ದೇ ತೊಡಕು. ಪ್ರಧಾನಿಯ ಮೇಲೆ ಪೊಲೀಸ್ ದೂರು ಎಂದರೆ ಕೇಳಿದವರು ಏನೋ ದೊಡ್ಡದು ಎಂದುಕೊಳ್ಳುತ್ತಾರೆ. ಮಾನನಷ್ಟದಲ್ಲಿ ಕೋರ್ಟು ನೋಡುವುದು ಸಾಮಾನ್ಯ ಕೇಳುಗನ ಕಿವಿಗೆ ಮಾತು ಏನು ಧ್ವನಿಸಿತು ಎಂಬುದನ್ನು. ಮೊದಲ ಕೋರ್ಟು 20,000 ಡಾಲರ್ ಪರಿಹಾರ ಹೇಳಿತು. 1998ರಲ್ಲಿ ಮೇಲಿನ ಕೋರ್ಟು ಅದನ್ನು 1,00,000ಕ್ಕೆ ಏರಿಸಿತು. ಮೇಲ್ಮನವಿ ಹೋದವರು ಇದನ್ನೂ ಲೆಕ್ಕ ಹಾಕಿರಬೇಕು: ಇಳಿಸುವ ಕೈಗೆ ಏರಿಸುವ ಅಧಿಕಾರವೂ ಇರುತ್ತದೆ.

ನಮ್ಮ ಅಭಿಪ್ರಾಯ ಕೇಳುವುದಾದರೆ, ವಕೀಲರಾಗಿದ್ದದ್ದೇ ಅವರಿಗೆ ಇಲ್ಲಿ ಮುಳುವಾಯಿತು. ಕ್ಷಮೆ ಕೇಳಿ, ಸಣ್ಣ ಮೊತ್ತಕ್ಕೆ ಒಪ್ಪಂದ ಮಾಡಿಕೊಂಡು ಜಾರಿಕೊಳ್ಳುವುದು ರಾಜಕಾರಣಿಗೆ ಬರುವ ವಿದ್ಯೆ. ಅವರಿಗೆ ವಾದ ಮಾಡಿ ಗೆಲ್ಲಬೇಕಿತ್ತು. ಚಿಯಾಮ್ ಸೀ ತೊಂಗ್ ತಗ್ಗಿದ ದನಿಯಲ್ಲೇ ಮಾತಾಡುತ್ತ 2011ರವರೆಗೆ ಪೊತೊಂಗ್ ಪಾಸಿರ್ ಉಳಿಸಿಕೊಂಡರು.

ಪ್ರಶ್ನೆ: ಲೀ ಕ್ವಾನ್ ಯೂ ಕೂಡ ವಕೀಲರಾಗಿದ್ದರೇ?
ಓದುಗರು, ಬಾಗಲಕೋಟೆ

ಹೌದು. ಕೇಂಬ್ರಿಜ್‌ನಲ್ಲಿ ಓದಿ 1950ರಲ್ಲಿ ಮಿಡ್ಲ್ ಟೆಂಪಲ್ ಮೂಲಕ ಬ್ಯಾರಿಸ್ಟರ್ ಆದವರು. ಸಿಂಗಪುರದ ಆ ಕಾಲದ ಸದನದ ಜಗಳಗಳನ್ನು ಓದುವಾಗ ಎರಡು ಕರಿ ಕೋಟುಗಳ ಜಗಳ ಎಂದುಕೊಂಡೇ ಓದಿ.

ಪ್ರಶ್ನೆ: 1997ರಲ್ಲಿ ಸೋತರೂ ಸಂಸದರಾದರು, 2001ರಲ್ಲಿ ಚುನಾವಣೆಯೇ ಇಲ್ಲದೆ ಸ್ಥಾನ ಕಳೆದುಕೊಂಡರು. ಎರಡೂ ಅರ್ಥವಾಗಲಿಲ್ಲ.
ಓದುಗರು, ಹಾಸನ

ಮೊದಲನೆಯದು ಅಲ್ಲಿನ ಕ್ಷೇತ್ರರಹಿತ ಸಂಸದ ಪದ್ಧತಿ, 1984ರಲ್ಲಿ ಬಂದದ್ದು. ವಿರೋಧಿಗಳು ತೀರ ಕಡಿಮೆ ಗೆದ್ದರೆ, ಹೆಚ್ಚು ಮತ ಪಡೆದು ಸೋತವರಿಗೆ ಸ್ಥಾನ ಕೊಡುತ್ತಾರೆ. ಮಾತಾಡಬಹುದು. ಆದರೆ ಆಗ ಅವರಿಗೆ ಸಂವಿಧಾನ ತಿದ್ದುಪಡಿ, ಹಣಕಾಸು ಮಸೂದೆ, ಅವಿಶ್ವಾಸಗಳಲ್ಲಿ ಮತ ಹಾಕುವ ಹಕ್ಕಿರಲಿಲ್ಲ. ಜಯರತ್ನಂ ತಂಡ ಚೆಂಗ್ ಸಾನ್ ಗುಂಪು ಕ್ಷೇತ್ರದಲ್ಲಿ ಶೇ 45.2 ಮತ ಪಡೆದಿತ್ತು. ಗುಂಪು ಕ್ಷೇತ್ರದಲ್ಲಿ ಇಡೀ ತಂಡ ಒಟ್ಟಿಗೆ ಗೆಲ್ಲುತ್ತದೆ ಅಥವಾ ಸೋಲುತ್ತದೆ, ಒಬ್ಬರು ಕಡಿಮೆಯಾದರೂ ನಾಮಪತ್ರವೇ ಇಲ್ಲ. 1992ರ ಮರೀನ್ ಪರೇಡ್ ಉಪಚುನಾವಣೆಯಲ್ಲಿ ಪೂರ್ತಿ ತಂಡ ಕೂಡದೆ ಅವರ ಪಕ್ಷ ಸ್ಪರ್ಧಿಸಲಾಗಲಿಲ್ಲ.

ಎರಡನೆಯದು ದಿವಾಳಿ. ಪಕ್ಷದ ಪತ್ರಿಕೆ ‘ದಿ ಹ್ಯಾಮರ್’ 1995ರಲ್ಲಿ ತಮಿಳು ಭಾಷಾ ಸಪ್ತಾಹದ ಸಂಘಟಕರ ಬಗ್ಗೆ ತಮಿಳಿನಲ್ಲಿ ಒಂದು ಲೇಖನ ಅಚ್ಚುಮಾಡಿತು. ಬರೆದವರು ಜಯರತ್ನಂ ಅಲ್ಲ. ಆದರೆ ಪತ್ರಿಕೆಯ ಹೊಣೆ ಹೊತ್ತವರೂ ಬರೆದವರಷ್ಟೇ ಬಾಧ್ಯರು. ಪರಿಹಾರ ಎರಡೂವರೆ ಲಕ್ಷ ಡಾಲರ್ ದಾಟಿತು. ಕಂತಿನಲ್ಲಿ ಕಟ್ಟುತ್ತಿದ್ದರು, ಒಂದು ಕಂತು ತಡವಾಯಿತು. ಅಂಥ ಒಪ್ಪಂದಗಳಲ್ಲಿ ಒಂದು ಕಂತು ತಪ್ಪಿದರೆ ಉಳಿದದ್ದೆಲ್ಲ ಒಮ್ಮೆಲೇ ಬಾಕಿಯಾಗುತ್ತದೆ. 2001ರ ಜನವರಿಯಲ್ಲಿ ದಿವಾಳಿ ಆದೇಶವಾಯಿತು, ಜುಲೈನಲ್ಲಿ ಮನವಿ ವಜಾ ಆಗಿ ಸ್ಥಾನ ಹೋಯಿತು. ದಿವಾಳಿಯಾದವರು ವಕೀಲಿಕೆಯನ್ನೂ ಮಾಡುವಂತಿಲ್ಲ, ದೇಶ ಬಿಟ್ಟು ಹೋಗಲೂ ಅನುಮತಿ ಬೇಕು. ಎಪ್ಪತ್ತೈದು ದಾಟಿದ ಮುದುಕ ತಾನು ಬರೆದ ಪುಸ್ತಕಗಳನ್ನು ಫುಟ್‌ಪಾತಿನಲ್ಲಿ ನಿಂತು ಮಾರಿದರು. 2007ರಲ್ಲಿ ಸುಮಾರು 2.33 ಲಕ್ಷ ಡಾಲರ್ ಕಟ್ಟಿ ದಿವಾಳಿಯಿಂದ ಬಿಡುಗಡೆಯಾಗಿ, ಸನ್ನದು ಮರಳಿ ಪಡೆದು, 2008ರಲ್ಲಿ ರಿಫಾರ್ಮ್ ಪಾರ್ಟಿ ಎಂಬ ಹೊಸ ಪಕ್ಷ ಕಟ್ಟಿದರು. ಅದೇ ವರ್ಷ ಸೆಪ್ಟೆಂಬರ್ 30ರಂದು ತೀರಿಕೊಂಡರು.

ನಮ್ಮಲ್ಲೂ ಬಿಡುಗಡೆಯಾಗದ ದಿವಾಳಿ ಸಂಸದರಾಗುವಂತಿಲ್ಲ, 102ನೇ ವಿಧಿ ನೋಡಿ. ಸಂಘದ ಪತ್ರಿಕೆಗೆ, ಪಕ್ಷದ ಬುಲೆಟಿನ್‌ಗೆ ಸಂಪಾದಕ ಎಂದು ಹೆಸರು ಕೊಟ್ಟಿರುವವರು ತಾವು ಓದದ ಪುಟ ಅಚ್ಚಿಗೆ ಹೋಗಲು ಬಿಡಬೇಡಿ.

ಪ್ರಶ್ನೆ: ನಮ್ಮಲ್ಲಿ ಸಂಸದರಾದ ಮೇಲೆ ಕರಿ ಕೋಟು ತೊಟ್ಟು ಕೋರ್ಟಿಗೆ ಬರಬಹುದೇ?
ಕಿರಿಯ ವಕೀಲೆ, ಮೈಸೂರು

ಬರಬಹುದು. ಪೂರ್ಣಾವಧಿ ಸಂಬಳದ ನೌಕರರು ವಕೀಲಿಕೆ ಮಾಡಬಾರದೆಂಬುದು ಬಾರ್ ಕೌನ್ಸಿಲ್‌ನ 49ನೇ ನಿಯಮ. ಸಂಸದರೂ ಶಾಸಕರೂ ಸಂಬಳ ಪಡೆದರೂ ಆ ಅರ್ಥದ ನೌಕರರಲ್ಲ ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 25ರಂದು ಹೇಳಿದೆ. ಮಂತ್ರಿಯಾದವರು ವಕೀಲಿಕೆ ನಿಲ್ಲಿಸುವುದು ರೂಢಿ. ಆಡಳಿತ ಪಕ್ಷದ ವಕೀಲರು ಮಂತ್ರಿಯಾದ ಕೂಡಲೇ ಕೋರ್ಟಿನಿಂದ ಮಾಯವಾಗಿ, ಪಕ್ಷ ಸೋತೊಡನೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಕಾರಣ ಇಷ್ಟೇ.

ಪ್ರಶ್ನೆ: ಮಗನ ಮನೆಗೆಂದು ಸಿಂಗಪುರಕ್ಕೆ ಹೋಗುತ್ತಿದ್ದೇನೆ. ಆನ್ಸನ್ ನೋಡಬಹುದೇ?
ನಿವೃತ್ತ ಶಿಕ್ಷಕರು, ಬೆಂಗಳೂರು

ಕ್ಷೇತ್ರ ಸಿಗುವುದಿಲ್ಲ. 1986ರಲ್ಲಿ ಸ್ಥಾನ ತೆರವಾದ ಮೇಲೆ ಅಲ್ಲಿ ಉಪಚುನಾವಣೆಯೇ ನಡೆಯಲಿಲ್ಲ, 1988ರ ಚುನಾವಣೆಗೆ ಮುನ್ನ ಗಡಿ ಬದಲಿಸಿದಾಗ ಆನ್ಸನ್ ಹೆಸರೂ ಹೋಯಿತು. ಆನ್ಸನ್ ರಸ್ತೆ ಇದೆ. ತಾಂಜೊಂಗ್ ಪಗಾರ್ ಎಂಆರ್‌ಟಿ (ಮೆಟ್ರೊ ರೈಲು) ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗುವಷ್ಟು ಹತ್ತಿರ. ಎರಡೂ ಕಡೆ ಎತ್ತರದ ಕಚೇರಿ ಕಟ್ಟಡಗಳು. ಭಾನುವಾರ ಹೋದರೆ ಜನ ಕಡಿಮೆ ಇರುತ್ತಾರೆ.